ಕಂಬಿ ಹಿಡಿದ ಕೈ

"ನೀನು ಬ್ಯಾಟ್ ಹಿಡಿದಿಲ್ಲಮ್ಮ, ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದಿದೀಯ!"

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಟಿಟಿ ಟೇಬಲ್ ಇದೆ. ದಿನಾ ಸಂಜೆ ಅಲ್ಲಿ ಆಡೋಕೆ ಬರುವ ರಿಟೈರ್ಡ್ ಅಂಕಲ್ ಒಬ್ಬರು ನನ್ನ ಆಟವನ್ನ ಐದು ನಿಮಿಷ ನೋಡಿ ಹೇಳಿದ ಮಾತಿದು. ಕೋಪ ಬಂತು. ಆಫೀಸಿನ ಟೇಬಲ್ಲಿನಲ್ಲಿ ನಾನು ಗೆಲ್ಲೋ ಪೈಕಿ. ಆದರೆ ಆಡಿದ ಮಾರನೇ ದಿನ ಮಣಿಕಟ್ಟು ನೋಯುತ್ತಿದ್ದದ್ದೂ ನಿಜ. ಅದರ ತಪ್ಪನ್ನೆಲ್ಲ ಲ್ಯಾಪ್‌ಟಾಪ್ ಮೇಲೆ ಹಾಕಿ ಸುಮ್ಮನಿದ್ದೆ.

"ಯಾರಿಗೋ ಕೈ ಕುಲುಕೋ ಹಾಗೆ ಕೈ ಚಾಚು" ಅಂದ್ರು. ಚಾಚಿದೆ. ಅಂಗೈಗೆ ಬ್ಯಾಟಿನ ಹಿಡಿ ಇಟ್ಟರು. ಕೊನೆಯ ಮೂರು ಬೆರಳು ಹಿಡಿಯ ಸುತ್ತ. ಹೆಬ್ಬೆರಳು ಮುಂದಿನ ರಬ್ಬರಿನ ಕೆಳ ಅಂಚಿಗೆ ಸುಮ್ಮನೆ ತಾಗಿದ ಹಾಗೆ, ತೋರುಬೆರಳು ಹಿಂದಿನ ರಬ್ಬರಿನ ಕೆಳ ಅಂಚಿನುದ್ದಕ್ಕೂ ಒರಗಿದ ಹಾಗೆ. ಇದೇ ಶೇಕ್‌ಹ್ಯಾಂಡ್ ಗ್ರಿಪ್. ಇಷ್ಟೇನಾ ಅನ್ನಿಸಿತು. ಅಷ್ಟರಲ್ಲಿ ಅವರು ಬ್ಯಾಟನ್ನ ಹಿಡಿದು ಎಳೆದರು. ಬರಲಿಲ್ಲ.

"ನೋಡು, ಎಳೆದರೆ ಬರಬೇಕು, ಬೀಸಿದರೆ ಹಾರಿಹೋಗಬಾರದು. ಅಷ್ಟೇ ಬಿಗಿ ಸಾಕು. ಚೆಂಡಿನ ತೂಕ 2.7 ಗ್ರಾಂ. ಅದಕ್ಕೆ ಇಷ್ಟೊಂದು ಕುಸ್ತಿ ಯಾಕೆ?"

ಮುಷ್ಟಿ ಬಿಗಿಯಾದರೆ ಮುಂದೋಳೂ ಬಿಗಿಯಾಗುತ್ತೆ, ಮಣಿಕಟ್ಟು ತಿರುಗೋದೇ ಇಲ್ಲ. ಚೆಂಡು ತಾಗುವ ಕ್ಷಣಕ್ಕೆ ಮಾತ್ರ ಬೆರಳು ಸ್ವಲ್ಪ ಬಿಗಿಯಾಗಿ ಮತ್ತೆ ಸಡಿಲಾಗಬೇಕಂತೆ. ನನ್ನ ಇನ್ನೊಂದು ರೋಗ ತೋರುಬೆರಳು. ಅದು ಬ್ಯಾಟಿನ ಬೆನ್ನ ನಡುವೆ ನೆಟ್ಟಗೆ ನಿಂತಿರುತ್ತಿತ್ತು. ಫೋರ್‌ಹ್ಯಾಂಡಿಗೆ ಏನೋ ಧೈರ್ಯ ಬರುತ್ತೆ, ಸರಿ. ಬ್ಯಾಕ್‌ಹ್ಯಾಂಡಿಗೆ ಅದೇ ಬೆರಳು ಅಡ್ಡ. ಹಾಗಾಗಿ ಪ್ರತಿ ಸಲ ಹಿಡಿತ ಬದಲಿಸ್ತಿದ್ದೆ. ಬದಲಿಸೋ ಹೊತ್ತಿಗೆ ಚೆಂಡು ಹಿಂದಿನ ಗೋಡೆ ಮುಟ್ಟಿರುತ್ತಿತ್ತು.

ಈ ಬೆರಳಿನ ಅಭ್ಯಾಸ ಎಲ್ಲಿಂದ ಬಂತು ಅಂತ ಆ ರಾತ್ರಿ ಯೋಚಿಸಿದಾಗ ನೆನಪಾಗಿದ್ದು ಅಪ್ಪ. ಹಾಸನದಲ್ಲಿ ಅವರ ಬ್ಯಾಂಕಿನವರ ಕ್ಲಬ್ಬಿಗೆ ನನ್ನನ್ನೂ ಕರೆದುಕೊಂಡು ಹೋಗೋರು. ಅವರು ಬ್ಯಾಟನ್ನ ಪೆನ್ನಿನ ಹಾಗೆ ಹಿಡಿಯುತ್ತಿದ್ದರು, ಹಿಡಿ ಮೇಲೆ, ಹಲಗೆ ಕೆಳಗೆ, ಮೂರು ಬೆರಳು ಹಲಗೆಯ ಹಿಂದೆ. ಏಳು ವರ್ಷದ ನನ್ನ ಕೈಗೆ ಅದು ಸಾಧ್ಯವಾಗದೆ ಹಿಡಿಯನ್ನ ಮುಷ್ಟಿಯಲ್ಲಿ ಹಿಡಿದೆ. ಹಿಂದೆ ಬೆರಳು ಚಾಚೋದನ್ನ ಮಾತ್ರ ಉಳಿಸಿಕೊಂಡೆ. ಅತ್ತ ಅಪ್ಪನದ್ದೂ ಅಲ್ಲ, ಇತ್ತ ಅಂಕಲ್‌ದೂ ಅಲ್ಲ.

ಹಾಗಾದರೆ ಅಪ್ಪ ಹಿಡಿಯುತ್ತಿದ್ದದ್ದೂ ತಪ್ಪಾ? ಮಾರನೇ ದಿನ ಕೇಳಿದ್ದಕ್ಕೆ ಅಂಕಲ್ ನಕ್ಕರು. ಅದು ಪೆನ್‌ಹೋಲ್ಡ್. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕೊರಿಯಾದ ರ್ಯೂ ಸುಂಗ್‌ಮಿನ್, 2008ರ ಬೀಜಿಂಗಿನಲ್ಲಿ ಚೀನಾದ ಮಾ ಲಿನ್ ಸಿಂಗಲ್ಸ್ ಚಿನ್ನ ಗೆದ್ದಿದ್ದು ಆ ಹಿಡಿತದಲ್ಲೇ. ಎರಡೂ ಫೈನಲ್‌ನಲ್ಲಿ ಸೋತ ವಾಂಗ್ ಹಾವೊ ಕೂಡ ಪೆನ್‌ಹೋಲ್ಡಿನವನೇ, ಪಾಪ. ಹಳೇ ಪೆನ್‌ಹೋಲ್ಡಿನಲ್ಲಿ ಎರಡೂ ಕಡೆಯ ಚೆಂಡಿಗೆ ಬ್ಯಾಟಿನ ಒಂದೇ ಮುಖ, ಹಾಗಾಗಿ ಎಡಮೂಲೆಗೆ ಬಂದ ಚೆಂಡಿಗೆ ಓಡಿ ಸುತ್ತಿ ಬಂದು ಫೋರ್‌ಹ್ಯಾಂಡ್ ಹೊಡೀಬೇಕು. ಹಿಂದಿನ ಮುಖದಿಂದಲೂ ಹೊಡೆಯೋದನ್ನ ಚೀನಾದವರು ರೂಢಿಗೆ ತಂದಿದ್ದು ಆಮೇಲೆ. ಅಪ್ಪ ಯಾಕೆ ಟೇಬಲ್ ಸುತ್ತ ಹಾಗೆ ಓಡ್ತಿದ್ದರು ಅಂತ ನನಗೆ ಅರ್ಥವಾಗಿದ್ದು ಅವತ್ತೇ.

ಹೊಸ ಹಿಡಿತ ಕಲಿತ ಮೇಲೆ ನಾನು ಸೋಲೋಕೆ ಶುರು ಮಾಡಿದೆ. ಮೂರು ವಾರ, ಎಲ್ಲರ ಹತ್ತಿರವೂ. ಹೋದ ವರ್ಷ ಸೇರಿದ ಹುಡುಗ 11-4ರಲ್ಲಿ ಹೊಡೆದು, "ಮೇಡಂ, ಹುಷಾರಿಲ್ವಾ?" ಅಂದ. ಸ್ಕೋರು 9-9 ಆಗ್ತಿದ್ದ ಹಾಗೆ ತೋರುಬೆರಳು ಕಳ್ಳನ ಥರ ಹಳೇ ಜಾಗಕ್ಕೆ ಹೋಗಿ ನಿಂತಿರುತ್ತೆ! ಈಗ ಕ್ಯಾಮೆರಾ ಆಫ್ ಇರೋ ಮೀಟಿಂಗಿನಲ್ಲೆಲ್ಲ ಬ್ಯಾಟ್ ಹಿಡಿದು, ಒಂದು ಸಲ ಈ ಮುಖ, ಒಂದು ಸಲ ಆ ಮುಖ ಅಂತ ಚೆಂಡು ಪುಟಿಸ್ತೀನಿ. ಮ್ಯೂಟ್ ಮಾಡೋದು ಮರೀಬೇಡಿ. ಮಣಿಕಟ್ಟಿನ ನೋವಂತೂ ಕಡಿಮೆಯಾಗಿದೆ.

ಹೋದ ಭಾನುವಾರ ಅಪ್ಪ ಬಂದಿದ್ದರು. ಬೇಸ್‌ಮೆಂಟಿಗೆ ಕರೆದುಕೊಂಡು ಹೋದೆ. ನನ್ನ ಬ್ಯಾಟನ್ನ ಪೆನ್ನಿನ ಹಾಗೇ ಹಿಡಿದರು. ಅದರ ಉದ್ದ ಹಿಡಿ ಬೆರಳ ಸಂದಿಗೆ ಒತ್ತುತ್ತಿತ್ತು. ಆದರೂ ಎರಡು ಚೆಂಡು ನೀಟಾಗಿ ವಾಪಸ್ ಬಂತು. ಮೂರನೆಯದು ಎಡಮೂಲೆಗೆ ಹೋಯಿತು. ಅಪ್ಪ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಅದಕ್ಕೆಲ್ಲ ಈ ಮಂಡಿ ಒಪ್ಪಲ್ಲ. ಅದೇನೋ ಹೊಸ ಹಿಡಿತ ಅಂದ್ಯಲ್ಲ, ತೋರಿಸು."

ಕೈ ಕುಲುಕೋ ಹಾಗೆ ಚಾಚಿ ಅಂದೆ. ಚಾಚಿದರು. ಹಿಡಿ ಇಟ್ಟು, ಬೆರಳುಗಳನ್ನ ಒಂದೊಂದಾಗಿ ಕೂರಿಸಿ, ಮೆಲ್ಲಗೆ ಎಳೆದೆ. ಬರಲಿಲ್ಲ.

"ಅಪ್ಪ, ಸ್ವಲ್ಪ ಸಡಿಲ ಬಿಡಿ."

"ಬಿದ್ದುಹೋದರೆ?"

"ಬೀಳಲ್ಲ" ಅಂತ ಟೇಬಲ್ಲಿನ ಆ ಕಡೆ ಹೋಗಿ, ಎಡಮೂಲೆಗೇ ಮೆತ್ತಗೆ ಒಂದು ಸರ್ವ್ ಹಾಕಿದೆ.