ವೈದ್ಯನ ವ್ರತವೂ ರೋಗಿಯ ಗತಿಯೂ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ನಮ್ಮ ಜನರು ವೈದ್ಯನ ಮತವನ್ನು ವಿಚಾರಿಸುವುದಿಲ್ಲ. ಅವನ ಕೈಗುಣ ಹೇಗೆಂದು ವಿಚಾರಿಸುವರು. ಇದು ಒಳ್ಳೆಯ ಪದ್ಧತಿಯೇ ಸರಿ. ಆದರೆ ವೈದ್ಯನು ತನ್ನ ಧರ್ಮವನ್ನು ಮನೆಯಲ್ಲಿ ಬಿಟ್ಟು ದವಾಖಾನೆಗೆ ಬರುವವನಲ್ಲ. ತಾನು ಏನನ್ನು ಮಾಡಬಹುದು, ಏನನ್ನು ಮಾಡಲಾಗದು ಎಂಬುದನ್ನು ಅವನು ಎಷ್ಟೋ ವೇಳೆ ಆ ಧರ್ಮದಿಂದಲೇ ನಿಶ್ಚಯಿಸುವನು. ಕಥೋಲಿಕ ಕ್ರೈಸ್ತ ವೈದ್ಯರ ವಿಷಯದಲ್ಲಿ ಇದು ವಿಶೇಷವಾಗಿ ನಿಜವಾದ ಕಾರಣ, ಈ ತಿಂಗಳು ಆ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ಕನ್ನಡನಾಡಿನಲ್ಲಿ ಈ ಪರಂಪರೆಗೆ ಮಂಗಳೂರಿನ ಕಂಕನಾಡಿಯೇ ಪ್ರಸಿದ್ಧ ನಿದರ್ಶನ. ಜರ್ಮನ್ ದೇಶದಿಂದ ಬಂದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರರು 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧಗಳನ್ನು ಕೊಡತೊಡಗಿದರು. ಆ ಔಷಧಪದ್ಧತಿಯ ಬಗ್ಗೆ ಈಗಲೂ ವಾದಗಳುಂಟು. ಆದರೆ ಊರು ಹೊರಗಿಟ್ಟ ಕುಷ್ಠರೋಗಿಗಳಿಗೆ 1890ರಲ್ಲಿ ಅವರು ಕಟ್ಟಿಸಿದ ಆಶ್ರಯದ ಬಗ್ಗೆ ಯಾವ ವಾದವೂ ಇರಲಾರದು. ಬೆಂಗಳೂರಿನಲ್ಲಿ ಸಂನ್ಯಾಸಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ಅದೇ ನಗರದಲ್ಲಿ 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜು, ಕಲಿತು ಹೊರಬರುವ ವೈದ್ಯರನ್ನು ಹಳ್ಳಿಗಾಡಿನ ಸೇವೆಗೆ ಕಳುಹಿಸುವ ಕರಾರನ್ನು ಇಟ್ಟುಕೊಂಡು ಬಂದಿದೆ. ಯಾರೂ ಹೋಗದಲ್ಲಿಗೆ ಹೋಗಬೇಕೆಂಬುದು ಈ ವ್ರತದ ಮೊದಲನೆಯ ಭಾಗ.

ಎರಡನೆಯ ಭಾಗವೆಂದರೆ ಪ್ರಾಣದ ವಿಷಯದಲ್ಲಿ ಇಟ್ಟುಕೊಂಡ ನಿಷ್ಠೆ. ಗರ್ಭದಲ್ಲಿ ಮೊಳೆತ ದಿನದಿಂದ ಸಹಜವಾದ ಮರಣದವರೆಗೆ ಮನುಷ್ಯನ ಪ್ರಾಣ ಪವಿತ್ರವೆಂದು ಆ ಧರ್ಮಸಭೆಯ ಬೋಧೆ. ಇದನ್ನು ಕೇಳಿದ ಕೆಲವರು, ಸಾಯುವವನನ್ನು ನೋವಿನಲ್ಲಿ ನರಳಿಸಿಯಾದರೂ ಯಂತ್ರಗಳಿಂದ ಹಿಡಿದಿಡಬೇಕೆಂದು ಆ ವೈದ್ಯರು ಎಣಿಸುವರೆಂದು ಭಾವಿಸುವುದುಂಟು. ಅದು ಸರಿಯಲ್ಲ. ನೋವನ್ನು ಶಮನಗೊಳಿಸುವ ಉದ್ದೇಶದಿಂದ ಕೊಟ್ಟ ಔಷಧದಿಂದ ಆಯುಸ್ಸು ಸ್ವಲ್ಪ ಕುಂದುವ ಸಂಭವವಿದ್ದರೂ ಕೊಡಬಹುದೆಂದೂ, ಅಸಾಧಾರಣವಾದ ಉಪಾಯಗಳನ್ನು ಹೂಡಲೇಬೇಕೆಂಬ ನಿರ್ಬಂಧವಿಲ್ಲವೆಂದೂ ಪೋಪ್ 12ನೆಯ ಪಿಯುಸರು 1957ರಲ್ಲಿಯೇ ವೈದ್ಯರಿಗೆ ತಿಳಿಸಿದರು. ಗರ್ಭನಾಳದಲ್ಲಿ ಪಿಂಡ ನಿಂತು ತಾಯಿಯ ಪ್ರಾಣಕ್ಕೆ ಸಂಚಕಾರ ಬಂದಾಗ, ಕೆಟ್ಟ ನಾಳವನ್ನು ತೆಗೆದು ತಾಯಿಯನ್ನುಳಿಸುವುದನ್ನೂ ಅವರ ಧರ್ಮಶಾಸ್ತ್ರಜ್ಞರು ಒಪ್ಪುವರು. ನೇರವಾಗಿ ಗರ್ಭವನ್ನು ತೆಗೆಸುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪರು. ಕೃತಕವಾದ ಸಂತಾನನಿರೋಧವನ್ನೂ ಸಂತಾನಹರಣದ ಶಸ್ತ್ರಕ್ರಿಯೆಯನ್ನೂ 1968ರ ಪೋಪರ ಪತ್ರವು ನಿಷೇಧಿಸಿ, ತಿಂಗಳ ದಿನಗಳನ್ನು ಲೆಕ್ಕವಿಟ್ಟು ನಡೆಯುವ ಸಹಜಕ್ರಮವನ್ನು ಮಾತ್ರ ಬಿಟ್ಟುಕೊಟ್ಟಿತು.

ಈಗ ನಮ್ಮ ಹರಪನಹಳ್ಳಿಯ ಕಡೆಗೆ ಬರೋಣ. ಬೆಂಗಳೂರಿನಲ್ಲಿ ಒಬ್ಬ ವೈದ್ಯನು ಒಲ್ಲೆನೆಂದರೆ ಮುಂದಿನ ಬೀದಿಯಲ್ಲಿ ಮತ್ತೊಬ್ಬನಿರುವನು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ಬಯಲುಸೀಮೆಯಲ್ಲಿ ಹಾಗಲ್ಲ. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಆದರೂ ದೊಡ್ಡ ಚಿಕಿತ್ಸೆಗೆ ದಾವಣಗೆರೆಯ ಬಸ್ಸು ಹತ್ತುವುದು ಜನರಿಗೆ ತಪ್ಪಲಿಲ್ಲ. ನಾಲ್ಕು ಮಕ್ಕಳನ್ನು ಹೆತ್ತು ನಿತ್ರಾಣಳಾದ ಕೂಲಿ ಹೆಣ್ಣುಮಗಳು ಇನ್ನು ಸಾಕೆಂದು ಬಂದಾಗ, ವೈದ್ಯನು ಆಡುವ ಒಂದು ‘ಇಲ್ಲ’ ಎಂಬ ಮಾತು ಅವಳಿಗೆ ಬಸ್ಸಿನ ಖರ್ಚು, ಕಳೆದ ಕೂಲಿ, ಕೆಲವು ವೇಳೆ ಐದನೆಯ ಬಸಿರು ಆಗಿ ಪರಿಣಮಿಸುವುದು. ವೈದ್ಯನ ಅಂತಃಕರಣದ ಬೆಲೆಯನ್ನು ಇಲ್ಲಿ ರೋಗಿಯೇ ತೆರಬೇಕಾಗುವುದು. ಇದೇ ಕಠಿಣವಾದ ಪ್ರಶ್ನೆ.

ಕಾನೂನು ಏನೆನ್ನುವುದು? ಗೊತ್ತಾದ ಷರತ್ತುಗಳೊಳಗೆ ಗರ್ಭಪಾತಕ್ಕೆ 1971ರ ಕಾಯಿದೆ ಅವಕಾಶವಿತ್ತಿದೆ. 2021ರ ತಿದ್ದುಪಡಿ ಅದನ್ನು ವಿಸ್ತರಿಸಿತು. ವೈದ್ಯಕೀಯ ಕಾರಣವಿರುವಾಗ ಕೇವಲ ಮತಧರ್ಮದ ನೆವದಿಂದ ಇಂಥ ಸೇವೆಗಳನ್ನು ನಿರಾಕರಿಸಬಾರದೆಂದು ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಆದ ನಿಯಮಗಳು ಹೇಳುವುವು. ಹೀಗೆ ಕಥೋಲಿಕ ವೈದ್ಯನು ತನ್ನ ಧರ್ಮಸಭೆಗೂ ತನ್ನ ವೃತ್ತಿಯ ನಿಯಮಕ್ಕೂ ನಡುವೆ ನಿಲ್ಲುವನು. ಆದರೆ ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪರೀಕ್ಷಿಸಿ ಹೇಳುವುದನ್ನು 1994ರ ಕಾಯಿದೆ ನಿಷೇಧಿಸಿರುವುದು. ಇಲ್ಲಿ ಕಾನೂನೂ ಅವನ ವ್ರತವೂ ಒಂದೇ. ಗುಟ್ಟಾಗಿ ಹಣ ತೆಗೆದುಕೊಂಡು ಹೇಳುವವನಿಗಿಂತ ಇಂಥ ವೈದ್ಯನು ನಮ್ಮ ಹೆಣ್ಣುಮಕ್ಕಳಿಗೆ ಎಷ್ಟೋ ಮೇಲು.

ನಮ್ಮ ಅಭಿಪ್ರಾಯವಿಷ್ಟು. ತಾನು ಮಾಡಲೊಲ್ಲದುದನ್ನು ವೈದ್ಯನು ಮೊದಲ ಭೇಟಿಯಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ‘ನಿನ್ನ ಮೈಗೆ ಆಗದು’ ಎಂದು ಇಲ್ಲದ ಕಾರಣವನ್ನು ಮುಂದೊಡ್ಡಬಾರದು. ಸುಳ್ಳಾಡುವುದು ಅವನ ಧರ್ಮಕ್ಕೂ ಒಪ್ಪಿಗೆಯಲ್ಲ. ಕಾಗದಪತ್ರಗಳನ್ನು ತಡಮಾಡದೆ ಕೈಗೆ ಕೊಡಬೇಕು. ಎಲ್ಲಿಯೋ ಯಾರೋ ಅರೆಬರೆ ಗರ್ಭಪಾತ ಮಾಡಿ ರಕ್ತ ಸುರಿಯುತ್ತ ಬಂದವಳಿಗೆ, ಒಂದು ಕಟುಮಾತನ್ನೂ ಆಡದೆ ಚಿಕಿತ್ಸೆ ಮಾಡಬೇಕು. ಇದಿಷ್ಟು ಅವನ ವ್ರತಕ್ಕೆ ಭಂಗವಲ್ಲ. ಕುಷ್ಠರೋಗಿಗೆ ಬಾಗಿಲು ತೆರೆದ ಪರಂಪರೆಗೆ ತಕ್ಕ ನಡತೆಯೇ ಆಗಿದೆ.

ಗೃಹಸ್ಥರಿಗೂ ಒಂದು ಕೆಲಸವಿದೆ. ಹೆರಿಗೆಗೆ ಹೆಸರು ಬರೆಯಿಸುವ ದಿನವೇ, ಹೆರಿಗೆಯಾದ ಮೇಲೆ ಶಸ್ತ್ರಕ್ರಿಯೆ ಬೇಕೆಂದರೆ ಇಲ್ಲಿ ಮಾಡುವರೋ ಇಲ್ಲವೋ ಎಂದು ಕೇಳಿಕೊಳ್ಳಿರಿ. ಇಲ್ಲವೆಂದರೆ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ ಸರಕಾರಿ ಆಸ್ಪತ್ರೆಯಲ್ಲಿ ಏರ್ಪಾಡು ಮಾಡಿಕೊಳ್ಳಿರಿ. ಮುದುಕರ ಕೊನೆಗಾಲಕ್ಕೋ, ಮಗುವಿನ ಜ್ವರಕ್ಕೋ ಅದೇ ವೈದ್ಯನ ಬಳಿಗೆ ಸಂಕೋಚವಿಲ್ಲದೆ ಹೋಗಿರಿ. ಒಂದು ಕೆಲಸವನ್ನು ಒಲ್ಲೆನೆಂದವನ ಉಳಿದ ಕೈಗುಣವನ್ನು ಕಳೆದುಕೊಳ್ಳಬೇಕಾದುದೇನೂ ಇಲ್ಲ.