ಮರಳಿಗೆ 15, ರಸ್ತೆಗೆ ಎಷ್ಟು?

ಜೀವವಿಜ್ಞಾನದವರಿಗೆ ಟೈರಿನ ಉಸಾಬರಿ ಯಾಕೆ ಅಂತೀರಾ? ಮೊನ್ನೆ ದುಬೈ ಹತ್ತಿರ ಮರಳುಗಾಡಿಗೆ ಹೋಗಿದ್ವಿ. ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದ್ದೇ ತಡ, ಟೈರು ಒಂಟೆಯ ಪಾದದ ಹಾಗೆ ಮರಳಿನ ಮೇಲೆ ಅಗಲವಾಗಿ ಹರಡಿಕೊಳ್ತು. ಅಲ್ಲಿಗೆ ಅದು ಸರಿ. ವಾಪಸ್ ಬರುವಾಗ ಪೆಟ್ರೋಲ್ ಬಂಕ್‌ನಲ್ಲಿ ಸಾಲು ಉದ್ದ ಇದೆ ಅಂತ ಹಾಗೇ ಹೆದ್ದಾರಿ ಹತ್ತಿದ್ವಿ. ರಬ್ಬರ್ ವಾಸನೆ ಬಂತೆಂದು ನಿಲ್ಲಿಸಿ ನೋಡಿದರೆ ಟೈರಿನ ಪಕ್ಕ ಕೈ ಸುಡುತ್ತಿತ್ತು. ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ ಹೋಗಿದ್ರು.

ಗಾಳಿ ಕಮ್ಮಿಯಾದರೆ ಪ್ರತಿ ಸುತ್ತಿಗೂ ರಬ್ಬರ್ ಹೆಚ್ಚು ಬಾಗುತ್ತದೆ, ಒಳಗೇ ಶಾಖ ಹುಟ್ಟುತ್ತದೆ. ವೇಗ ಹೆಚ್ಚಿದ್ದರೆ ಟೈರು ಸಿಡಿಯಬಹುದು.

ಹಾಗಾದರೆ ದಿನನಿತ್ಯದ ಓಡಾಟಕ್ಕೆ ಎಷ್ಟು? ಟೈರಿನ ಮೇಲೆ ಅಚ್ಚಾಗಿರೋದಲ್ಲ, ಅದು ಗರಿಷ್ಠ ಮಿತಿ. ಟೈರಿನ ಬಗೆ, ಅಳತೆ ಬದಲಿಸಿಲ್ಲ ಅಂದ್ರೆ, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರೋ ಅಂಕಿಯೇ ಸರಿ. ಅದನ್ನೂ ಬೆಳಗ್ಗೆ, ಗಾಡಿ ತೆಗೆಯೋ ಮುಂಚೆ ನೋಡಬೇಕು. ಟೈರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತೆ. "ಬೇಸಿಗೆ ಅಲ್ವಾ, ಸ್ವಲ್ಪ ಗಾಳಿ ಬಿಡಿ" ಅನ್ನೋ ಗೆಳೆಯರ ಮಾತು ನಾವಂತೂ ಒಪ್ಪಲ್ಲ.

ಈಗ ಗಾಡಿಯಲ್ಲೇ ಕಂಪ್ರೆಸರ್ ಇದೆ. ಡಾಂಬರು ಸಿಕ್ಕ ಕೂಡಲೇ ಮೊದಲು ಗಾಳಿ, ಆಮೇಲೆ ಚಹಾ.