ಟೆನ್ಶನ್ ತಗೋಬ್ಯಾಡ ಅಂದ್ರ ಹೋಗ್ತದೇನು?



ಪರೀಕ್ಷೆ ಬಂತೆಂದರೆ ಸಾಕು, ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ ಎಲ್ಲರದೂ ಒಂದೇ ಮಾತು, "ಟೆನ್ಶನ್ ತಗೋಬ್ಯಾಡ." ಅದೇನು ಅಂಗಡ್ಯಾಗಿನ ಸಾಮಾನೇ, ಬ್ಯಾಡಂದ್ರ ಬಿಟ್ಟು ಬರ್ಲಿಕ್ಕೆ? ಹೋದ ಗಣಿತ ಕಿರುಪರೀಕ್ಷೆಯಲ್ಲಿ ನನ್ನ ಅಂಗೈ ಬೆವತು ಪ್ರಶ್ನೆಪತ್ರಿಕೆ ತೊಯ್ದಿತ್ತು. ರಾತ್ರಿ ಬಾಯಿಪಾಠ ಬರುತ್ತಿದ್ದ ಥೇಲ್ಸನ ಪ್ರಮೇಯ ಒಂದು ಸಾಲೂ ನೆನಪಾಗಲಿಲ್ಲ.

ಇದು ಹೇಡಿತನ ಅಲ್ಲ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ರಸ ಏರುತ್ತದೆ, ಎದೆ ಡವಡವ ಬಡಿದುಕೊಳ್ಳುತ್ತದೆ. ನಾಯಿ ಬೆನ್ನು ಹತ್ತಿದರೆ ಓಡಲು ಅದು ಬೇಕೇ ಬೇಕು. ಪರೀಕ್ಷೆ ಕೋಣೆಯಿಂದ ಓಡೋದೆಲ್ಲಿಗೆ? (ನಗಬ್ಯಾಡ್ರಿ.) ಆ ಹೊತ್ತಿಗೆ ನಮ್ಮ ಕೈಯಾಗಿನ ಲಗಾಮು ಅಂದ್ರ ಉಸಿರು ಒಂದೇ. ನಾಲ್ಕು ಎಣಿಸುತ್ತ ಒಳಗೆ ತಗೊಳ್ಳಿರಿ, ಆರು ಎಣಿಸುತ್ತ ನಿಧಾನ ಹೊರಗೆ ಬಿಡಿರಿ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಹತ್ತು ಸಲ ಮಾಡಲು ಎರಡು ನಿಮಿಷವೂ ಬೇಡ.

ನಮ್ಮ ಮಾಣಿಕನಗರದವರಿಗೆ ಇದು ತೀರ ಹೊಸದೇನಲ್ಲ. ಮಾಣಿಕಪ್ರಭುಗಳು (1817–1865) ಮರಾಠಿ, ಕನ್ನಡ, ಹಿಂದಿಯಲ್ಲಿ ಪದ ಕಟ್ಟಿದರು. ಇಂದಿಗೂ ಇಲ್ಲಿ ಭಜನೆ ನಿಂತಿಲ್ಲ. ಒಂದು ಸಾಲನ್ನು ಎಳೆದು ಹಾಡುವುದೆಂದರೆ ಉಸಿರನ್ನು ಉದ್ದಕ್ಕೆ ಬಿಡುವುದೇ ಅಲ್ಲವೇ? ಭಜನೆ ಮುಗಿಸಿ ಮನೆಗೆ ಬರುವ ನಮ್ಮಜ್ಜಿಯ ಮುಖ ನೋಡಿದರೆ ತಿಳೀತದ. ಹಾಡು ಬರದವರು ಹುಮನಾಬಾದ ರಸ್ತೆ ಕಡೆ ಹತ್ತು ನಿಮಿಷ ಬಿರಬಿರನೆ ನಡೆದು ಬರ್ರಿ.

ಆದರೆ ನನ್ನ ತಕರಾರು ಬೇರೆ ಅದ. ಉಸಿರಿನಿಂದ ಹೋಗೋದು ಆ ಹೊತ್ತಿನ ಗಾಬರಿ ಅಷ್ಟೇ. ಕಡಿಮೆ ಅಂಕ ಬಂದವರನ್ನು ಎಲ್ಲರೆದುರು ನಿಲ್ಲಿಸಿ ಓದಿ ಹೇಳಿದರೆ, ಆ ನಾಚಿಕೆ ನೂರು ಉಸಿರು ಬಿಟ್ಟರೂ ಹೋಗಂಗಿಲ್ಲ. ಮುಂದಿನ ಪರೀಕ್ಷೆಗೆ ಅದೇ ಹೆದರಿಕೆಯಾಗಿ ಬರ್ತದ. ಗುರುಗಳೇ, ಸಿಟ್ಟಾಗಬೇಡಿರಿ. ಪ್ರಶ್ನೆಪತ್ರಿಕೆ ಕೊಡುವ ಮೊದಲು ಎರಡು ನಿಮಿಷ ಸುಮ್ಮನೆ ಕೂಡಲು ಬಿಡಿರಿ. ಅಂಕ ಬರೆದ ಉತ್ತರಪತ್ರಿಕೆಯನ್ನು ಮಡಿಸಿ ಅವರವರ ಕೈಗೇ ಕೊಡಿರಿ. ಎಸ್ಸೆಸ್ಸೆಲ್ಸಿಯಲ್ಲಿ ಹೋದವರೂ ಅದೇ ವರ್ಷ ಮತ್ತೆ ಬರೆಯಬಹುದು ಎಂಬುದನ್ನು ಫಲಿತಾಂಶದ ದಿನವಲ್ಲ, ಈಗಲೇ ಎಲ್ಲರಿಗೂ ಹೇಳಿರಿ.

ಇನ್ನು ಕೆಲವರಿಗೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಮನೆಯಲ್ಲಿ ಹೇಳಲಿಕ್ಕೂ ಆಗಲ್ಲ. ಅಂಥವರಿಗೆ 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಅದ, ನಂಬರು 14416. ಹಗಲು ರಾತ್ರಿ ಎತ್ತುತ್ತಾರ, ದುಡ್ಡು ಬೀಳಲ್ಲ, ಕನ್ನಡದಾಗೂ ಮಾತಾಡ್ತಾರ. ಈ ಪತ್ರಿಕೆಯ ಮೂಲೆಗೆ ಕೆಂಪು ಶಾಯಿಯಲ್ಲಿ ಅದನ್ನು ದೊಡ್ಡದಾಗಿ ಬರೆದೀನಿ. ಯಾರೂ ಅಳಿಸಬ್ಯಾಡ್ರಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ